ಮಗ್ಗಿ ಹೇಳುತ್ತ ಓಡಿದೆ

2023ರ ನವೆಂಬರಿನಲ್ಲಿ ನನ್ನ ತೂಕ 78 ಕೆಜಿ ಇತ್ತು. ಎತ್ತರ ಐದು ಅಡಿ ಎರಡು ಇಂಚು, ವಯಸ್ಸು 41. ಕಾರವಾರದ ಬ್ಯಾಂಕೊಂದರಲ್ಲಿ ಕೆಲಸ, ಇಡೀ ದಿನ ಕುರ್ಚಿ. ಆ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ, 6.1 ಬಂತು. 6.5 ಆದರೆ ಸಕ್ಕರೆ ಕಾಯಿಲೆ. ಶಿರಸಿ ಹತ್ತಿರದ ನನ್ನ ತವರಿನಲ್ಲಿ ಅಪ್ಪಯ್ಯನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಇದೆ. ಅವರ ಕಾಲಿನ ಒಂದು ಸಣ್ಣ ಹುಣ್ಣು ಒಣಗಲು ನಾಲ್ಕು ತಿಂಗಳು ಹಿಡಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಆ ಚೀಟಿ ಕೈಯಲ್ಲಿ ಹಿಡಿದಾಗ ನಿಜಕ್ಕೂ ಹೆದರಿದೆ.

ಓಟವನ್ನೇ ಯಾಕೆ ಹಿಡಿದೆ ಅಂದರೆ, ಟಾಗೋರ್ ಕಡಲತೀರ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ದುಡ್ಡು ಕೊಡಬೇಕಿಲ್ಲ. ಬೆಳಿಗ್ಗೆ ಆರಕ್ಕೆ ಹೋದರೆ ಏಳೂವರೆಗೆ ಅಡುಗೆಮನೆಯಲ್ಲಿ ಇರಬಹುದು.

ಮೊದಲ ದಿನ ಚಪಲ್ ಯುದ್ಧನೌಕೆ ನಿಲ್ಲಿಸಿದ್ದಾರಲ್ಲ, ಅಲ್ಲಿಂದ ಕೋಡಿಬಾಗದ ಕಡೆಗೆ ಓಡಲು ಶುರು ಮಾಡಿದೆ. ಇನ್ನೂರು ಮೀಟರ್ ಕೂಡ ಆಗಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಬಾಯಲ್ಲಿ ರಕ್ತದ ರುಚಿ ಬಂದ ಹಾಗಾಯಿತು. ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ಅಲ್ಲಿಗೆ ಬರುವ ಒಬ್ಬ ಹಿರಿಯರು, ನಿವೃತ್ತ ವ್ಯಾಯಾಮ ಶಿಕ್ಷಕರಂತೆ, ನನ್ನನ್ನು ನಿಲ್ಲಿಸಿದರು. "ಮೇಡಂ, ನೀವು ಬಸ್ ಹಿಡಿಯುವವರ ಹಾಗೆ ಓಡ್ತಿದ್ದೀರಿ. ಓಡುವಾಗ ಮಾತಾಡಲಿಕ್ಕೆ ಬರಬೇಕು. ಬರದಿದ್ದರೆ ಜೋರಾಯಿತು ಅಂತ ಲೆಕ್ಕ" ಅಂದರು.

ನಾನು ಒಬ್ಬಳೇ ಓಡುವವಳು, ಯಾರ ಹತ್ತಿರ ಮಾತಾಡಲಿ? ಅದಕ್ಕೇ ಮಗ್ಗಿ ಹೇಳಲು ಶುರು ಮಾಡಿದೆ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಒಂದು ಸಾಲು ಒಂದೇ ಉಸಿರಿನಲ್ಲಿ ಮುಗಿದರೆ ವೇಗ ಸರಿ. ನಡುವೆ ಉಸಿರು ಕಡಿದರೆ ನಿಧಾನ ಮಾಡುವುದು. ಈ ವೇಗ ಎಷ್ಟು ನಿಧಾನ ಅಂದರೆ, ವಾಕಿಂಗ್ ಬಂದವರು ಕೆಲವರು ನನಗಿಂತ ಮುಂದೆ ಹೋಗುತ್ತಿದ್ದರು. ಹೋಗಲಿ ಬಿಡಿ. ನಾನು ಇವತ್ತಿಗೂ ಓಡುತ್ತಿದ್ದರೆ ಅದಕ್ಕೆ ಆ ನಿಧಾನವೇ ಕಾರಣ ಅಂತ ಗಟ್ಟಿಯಾಗಿ ನಂಬಿದ್ದೇನೆ.

ವಾರಕ್ಕೆ ಮೂರೇ ದಿನ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸುತ್ತು. ಎರಡು ವಾರಕ್ಕೊಮ್ಮೆ ಓಟ ಅರ್ಧ ನಿಮಿಷ ಜಾಸ್ತಿ.

ತಿಂಗಳಾದರೂ ಸುಸ್ತು ಮಾತ್ರ ಇಳಿಯಲಿಲ್ಲ. ಮಧ್ಯಾಹ್ನ ಕೌಂಟರಿನಲ್ಲಿ ಕೂತಲ್ಲೇ ಕಣ್ಣು ಮುಚ್ಚುತ್ತಿತ್ತು. ಡಾಕ್ಟರ್ ಹಿಮೋಗ್ಲೋಬಿನ್ ನೋಡಿಸಿದರು: 9.8. ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಎಂದೇ ಲೆಕ್ಕ. ತಿಂಗಳ ಮುಟ್ಟಿನಲ್ಲಿ ಜಾಸ್ತಿ ಹೋಗುವುದು ನನಗೆ ಮೊದಲಿಂದ ಇತ್ತು, ಅದೂ ಒಂದು ಕಾಯಿಲೆ ಅಂತ ಯಾವತ್ತೂ ಅನಿಸಿರಲಿಲ್ಲ. ಅವರು ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟರು. ನಾನು ಗುಳಿಗೆ ನುಂಗಿ ಹಿಂದೆಯೇ ಚಾ ಕುಡಿಯುತ್ತಿದ್ದೆ. ಚಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತ ಎರಡನೇ ಸಲ ಹೋದಾಗ ಗೊತ್ತಾಯಿತು. ಆಮೇಲೆ ಗುಳಿಗೆಗೂ ಚಾಕ್ಕೂ ಎರಡು ಗಂಟೆ ಅಂತರ ಇಟ್ಟೆ, ಗುಳಿಗೆಯ ಜೊತೆ ನಿಂಬೆ ಪಾನಕ ಕುಡಿದೆ. ಮೂರು ತಿಂಗಳಲ್ಲಿ 11.9ಕ್ಕೆ ಬಂತು. ಅದೇ ಮಗ್ಗಿ, ಅದೇ ಮರಳು, ಆದರೆ ಉಸಿರು ಬೇರೆ. ಓಡಲು ಹೊರಟ ಹೆಂಗಸರು ಯಾರೇ ಕೇಳಿದರೂ ನಾನು ಬೂಟಿನ ಮಾತಿಗಿಂತ ಮೊದಲು ಹೇಳುವುದು ಈ ಪರೀಕ್ಷೆಯ ಮಾತನ್ನೇ.

ಬೂಟಿನ ಕಥೆಯೂ ಇದೆ. ಒಂದು ಅಂಗಡಿಯಲ್ಲಿ "ಬಿಗಿಯಾಗಿದ್ದರೇ ಒಳ್ಳೇದು, ಆಮೇಲೆ ಸಡಿಲ ಆಗ್ತದೆ" ಅಂತ ಕೊಟ್ಟರು. ಎರಡು ವಾರದಲ್ಲಿ ಹೆಬ್ಬೆರಳ ಉಗುರು ಕಪ್ಪಾಯಿತು. ಓಡುವಾಗ ಪಾದ ಸ್ವಲ್ಪ ಊದುತ್ತದೆ. ಈಗ ಸಂಜೆ ಹೊತ್ತು ಹೋಗಿ, ಬೆರಳ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರುವುದನ್ನೇ ತರುತ್ತೇನೆ. ಹೆಂಗಸರಿಗೆ ಇನ್ನೊಂದು ಮಾತು: ಒಳ್ಳೆಯ ಸ್ಪೋರ್ಟ್ಸ್ ಬ್ರಾ ಬೂಟಿನಷ್ಟೇ ಮುಖ್ಯ. ನಾಚಿಕೆ ಪಟ್ಟು ಅದನ್ನು ಬಿಟ್ಟರೆ ಎದೆ, ಹೆಗಲು ಎರಡೂ ನೋಯುತ್ತವೆ.

ಮರಳಿನ ವಿಷಯ ನನಗೆ ಕಲಿಸಿದ್ದು ನೋವು. ನಮ್ಮ ಕಡಲತೀರ ನೋಡಲು ಸಮ ಅನಿಸುತ್ತದೆ, ಆದರೆ ನೀರಿನ ಕಡೆಗೆ ಓರೆಯಾಗಿದೆ. ನಾನು ಕೋಡಿಬಾಗದ ಕಡೆ ಮರಳಿನ ಮೇಲೆ ಓಡಿ, ವಾಪಸ್ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಆ ಕಡೆ ಹೋಗುವಾಗ ಕಡಲು ಎಡಕ್ಕೆ, ಅಂದರೆ ಪ್ರತಿ ಸಲವೂ ಎಡಗಾಲು ತಗ್ಗಿನಲ್ಲಿ, ಬಲಗಾಲು ಎತ್ತರದಲ್ಲಿ. ಏಳನೇ ವಾರಕ್ಕೆ ಎಡ ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಒಳಬದಿಯಲ್ಲಿ, ಬೆರಳಿಟ್ಟರೆ ಜೀವ ಹೋಗುವಷ್ಟು ನೋವು. ಮೂರು ವಾರ ಓಟ ನಿಲ್ಲಿಸಬೇಕಾಯಿತು. ಫಿಸಿಯೋಥೆರಪಿಯವರು ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸುವುದನ್ನು ಹೇಳಿಕೊಟ್ಟರು, ದಿನಕ್ಕೆ ಹದಿನೈದರಂತೆ ಮೂರು ಸಲ. ಅದನ್ನು ಈಗಲೂ ಬಿಟ್ಟಿಲ್ಲ. ಈಗ ಹೋದ ದಾರಿಯಲ್ಲೇ ಓಡಿ ಬರುತ್ತೇನೆ, ಎರಡೂ ಕಾಲಿಗೆ ಸಮ ಪಾಲು ಸಿಗುತ್ತದೆ. ಮೆತ್ತನೆ ಒಣ ಮರಳಿನ ಮೇಲೆ ಓಡುವುದಿಲ್ಲ, ಮೀನಖಂಡಕ್ಕೆ ತುಂಬ ಭಾರ ಬೀಳುತ್ತದೆ.

ಗಟ್ಟಿ ಮರಳು ಬೇಕು ಅಂದರೆ ಇಳಿತ ಬೇಕು. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಚಳಿಗಾಲದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಬೆಳಗಿನ ಜಾವ ನೀರು ದೂರ ಸರಿದು ಅಗಲವಾದ ಒದ್ದೆ ಮರಳು ಸಿಗುತ್ತದೆ. ಅಷ್ಟಮಿ ಹೊತ್ತಿಗೆ ಅದೇ ಜಾಗದಲ್ಲಿ ನೀರು ಇರುತ್ತದೆ. ಬಲೆ ಎಳೆಯುವವರಿಗೆ ಇದೆಲ್ಲ ಬಾಯಿಪಾಠ. ನಾನು ಅಡುಗೆಮನೆಯ ಪಂಚಾಂಗ ನೋಡಿ ವಾರದ ಓಟ ಗೊತ್ತು ಮಾಡುವುದನ್ನು ಕಲಿತದ್ದು ಅವರಿಂದಲೇ. ನಮ್ಮ ತೀರಕ್ಕೆ ಪೂರ್ವದಲ್ಲಿ ಗುಡ್ಡ ಇರುವುದರಿಂದ ಬಿಸಿಲು ತಡವಾಗಿ ಬೀಳುತ್ತದೆ. ಡಿಸೆಂಬರಿನ ಬೆಳಿಗ್ಗೆ ಘಟ್ಟದ ಕಡೆಯಿಂದ ಕಡಲಿಗೆ ತಣ್ಣಗೆ ಗಾಳಿ ಬೀಸುತ್ತಿರುತ್ತದೆ. ಆ ಹೊತ್ತಿನ ಓಟದಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಮಳೆಗಾಲದಲ್ಲಿ ಕಡಲ ಕಡೆ ಹೋಗುವುದಿಲ್ಲ. ಕಾಳಿ ನದಿಯ ಹಳೇ ಸೇತುವೆ ಕುಸಿದು ಬಿದ್ದ 2024ರ ಮಳೆಗಾಲ ಪೂರ್ತಿ ಮಳೆ ಬಿಟ್ಟಾಗಲೆಲ್ಲ ಮಾಲಾದೇವಿ ಮೈದಾನದಲ್ಲಿ ಸುತ್ತು ಹಾಕಿದೆ. ಒದ್ದೆ ಬೂಟಿಗೆ ಹಳೇ ಪೇಪರ್ ತುರುಕಿ ಫ್ಯಾನಿನ ಕೆಳಗೆ ಇಡುವುದು, ಅಷ್ಟೇ ಉಪಾಯ.

ಇನ್ನು ತೂಕ. ಮೊದಲ ಎರಡು ತಿಂಗಳು ಒಂದು ಕಿಲೋ ಕೂಡ ಇಳಿಯಲಿಲ್ಲ. ಅತ್ತಿದ್ದೇನೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಓಡಿದರೆ ಒಂದು ಕಿಲೋಮೀಟರಿಗೆ, ನಮ್ಮ ತೂಕದ ಕೆಜಿಗೆ ಒಂದರಂತೆ, ಸುಮಾರು ಅಷ್ಟು ಕ್ಯಾಲರಿ ಕರಗುತ್ತದೆ. 78 ಕೆಜಿಯ ನಾನು ಮೂರು ಕಿಲೋಮೀಟರ್ ಓಡಿದರೆ 230ರ ಆಸುಪಾಸು. ಓಡಿ ಬಂದ ಖುಷಿಯಲ್ಲಿ ಹೋಟೆಲಿನಲ್ಲಿ ಬಾಳೆಹಣ್ಣು ಹಾಕಿ ಕರಿದ ಎರಡು ಬನ್ಸ್, ಒಂದು ಸಕ್ಕರೆ ಚಾ ತೆಗೆದುಕೊಳ್ಳುತ್ತಿದ್ದೆ. ಕರಗಿಸಿದ್ದಕ್ಕಿಂತ ತಿಂದದ್ದೇ ಜಾಸ್ತಿ ಆಗುತ್ತಿತ್ತು! ಬನ್ಸ್ ತಿಂಗಳಿಗೊಮ್ಮೆ ಮಾಡಿಕೊಂಡೆ. ಊಟಕ್ಕೆ ಮೊದಲು ಒಂದು ಬಟ್ಟಲು ಹೆಸರುಕಾಳಿನ ಉಸಲಿ, ಪಲ್ಯ, ಆಮೇಲೆ ಅನ್ನ. ಎರಡನೇ ಸಲದ ಮಜ್ಜಿಗೆ ಅನ್ನ ಬಿಟ್ಟು ಮಜ್ಜಿಗೆ ಮಾತ್ರ ಕುಡಿದೆ. ಆಗ ತಿಂಗಳಿಗೆ ಮುಕ್ಕಾಲು ಕಿಲೋ, ಒಂದು ಕಿಲೋ ಇಳಿಯಲು ಶುರುವಾಯಿತು.

ಏಪ್ರಿಲ್, ಮೇ ತಿಂಗಳಲ್ಲಿ ಓಡಿ ಬಂದ ತಕ್ಷಣ ತೂಕ ನೋಡಿದರೆ ಒಂದು ಕಿಲೋ ಕಡಿಮೆ ತೋರಿಸುತ್ತದೆ. ಅದು ಕೊಬ್ಬಲ್ಲ, ಬೆವರು. ಕರಾವಳಿಯ ಸೆಖೆಯಲ್ಲಿ ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ, ಮೈ ತಣಿಯುವುದಿಲ್ಲ. ಆ ತಿಂಗಳುಗಳಲ್ಲಿ ಮಗ್ಗಿಯೇ ಯಜಮಾನ, ವೇಗ ಎಷ್ಟು ಕಡಿಮೆಯಾದರೂ ಒಪ್ಪಿಕೊಳ್ಳುವುದು. ಕಳೆದುಕೊಂಡ ನೀರಿಗೆ ನಮ್ಮ ಕಡೆಯ ಅಪ್ಪೆಹುಳಿ ಇದೆಯಲ್ಲ, ಹುಳಿ ಮಾವಿನಕಾಯಿ ಬೇಯಿಸಿ ಹಿಂಡಿ, ಉಪ್ಪು ಹಾಕಿ, ಇಂಗಿನ ಒಗ್ಗರಣೆ ಕೊಟ್ಟದ್ದು. ಎರಡು ಲೋಟ ಕುಡಿದರೆ ಉಪ್ಪೂ ನೀರೂ ಒಟ್ಟಿಗೆ ಸಿಗುತ್ತವೆ.

2025ರ ಮೇ ಹೊತ್ತಿಗೆ 66 ಕೆಜಿ, ಎಚ್‌ಬಿಎ1ಸಿ 5.6. ಈಗ ಹತ್ತು ಕಿಲೋಮೀಟರನ್ನು ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ನಿಲ್ಲದೆ ಓಡುತ್ತೇನೆ.

ತವರಿಗೆ ಹೋದಾಗ ತೋಟದ ಮೇಲಿನ ಕೆಮ್ಮಣ್ಣಿನ ದಾರಿಯಲ್ಲಿ ಓಡುತ್ತೇನೆ. ಏರು ಬಂದಲ್ಲಿ ನಡೆಯುತ್ತೇನೆ. ಆಯಿಗೆ, ಅಂದರೆ ಅಮ್ಮನಿಗೆ, ಮೊದಲು ಇದೆಲ್ಲ ಇಷ್ಟ ಆಗಲಿಲ್ಲ. ಬಾಳೆಲೆಯ ಮುಂದೆ "ಇನ್ನೊಂಚೂರು ಹಾಕ್ಯಳೆ ತಂಗಿ" ಅಂತ ಒತ್ತಾಯ ಮಾಡುತ್ತಿದ್ದಳು, ಬಡವಾದೆ ಅಂತ ಕೊರಗುತ್ತಿದ್ದಳು. ಕಳೆದ ಸಲ ನಾನು ಓಡಿ ವಾಪಸ್ ಬರುವಾಗ ದಣಪೆಯ (ಬೇಲಿಯ ಮರದ ಗೇಟಿನ) ಹತ್ತಿರ ಅಪ್ಪಯ್ಯ ಚಪ್ಪಲಿ ಮೆಟ್ಟಿ ನಿಂತಿದ್ದರು, ಪಕ್ಕದಲ್ಲಿ ಆಯಿ. ಇಬ್ಬರನ್ನೂ ಕರೆದುಕೊಂಡು ಕೆರೆಯ ತನಕ ನಡೆದೆ. ಅರ್ಧ ದಾರಿಯಲ್ಲಿ ಅಪ್ಪಯ್ಯ ಹದಿನಾರರ ಮಗ್ಗಿ ಹೇಳಲು ಶುರು ಮಾಡಿದರು.