ಪಿಇ ಸಿವಿಲ್ ಪರೀಕ್ಷೆಗೆ ಯಾವ ಪುಸ್ತಕ ಬೇಕು, ಯಾವುದು ಬೇಡ

ಅಮೆರಿಕದಲ್ಲಿ ಪಿಇ ಸಿವಿಲ್, ಅಂದರೆ ಸಿವಿಲ್ ಎಂಜಿನಿಯರ್‌ಗಳ 'ಪ್ರೊಫೆಷನಲ್ ಎಂಜಿನಿಯರ್' ಲೈಸೆನ್ಸ್ ಪರೀಕ್ಷೆ ಕಟ್ಟಿದ್ದೀರಾ? ಹಾಗಾದರೆ ಲೈಸೆನ್ಸ್ ಸಿಕ್ಕ ಗೆಳೆಯ ತನ್ನ ಹಳೆಯ ಪುಸ್ತಕಗಳ ಪೆಟ್ಟಿಗೆಯನ್ನೇ ಕೊಡಲು ಬಂದರೆ ಸ್ವಲ್ಪ ತಡೆಯಿರಿ. 2021ರವರೆಗೆ ಜನ ಗಾಲಿ ಇರುವ ಸೂಟ್‌ಕೇಸಿನಲ್ಲಿ ಪುಸ್ತಕ ತುಂಬಿಕೊಂಡು, ಪುಟಪುಟಕ್ಕೂ ಬಣ್ಣದ ಚೀಟಿ ಅಂಟಿಸಿಕೊಂಡು ಪರೀಕ್ಷೆಗೆ ಹೋಗುತ್ತಿದ್ದರು. 2022ರಿಂದ ಎಲ್ಲಾ ಕಂಪ್ಯೂಟರ್‌ನಲ್ಲೇ. ನಿಮ್ಮದು ಅಂತ ಒಂದು ಪುಸ್ತಕವನ್ನೂ ಒಳಗೆ ಬಿಡುವುದಿಲ್ಲ. ಪರೀಕ್ಷೆ ನಡೆಸುವ ಎನ್‌ಸಿಇಇಎಸ್ ಸಂಸ್ಥೆ ಪರದೆಯ ಮೇಲೆ ಕೊಡುವ ಸೂತ್ರಗಳ ಹ್ಯಾಂಡ್‌ಬುಕ್, ಜೊತೆಗೆ ನಿಮ್ಮ ವಿಭಾಗದ ಕೋಡ್‌ಗಳು (ವಿನ್ಯಾಸದ ನಿಯಮಗಳ ಪುಸ್ತಕಗಳು), ಅಷ್ಟೇ.

ಹಾಗಾಗಿ ಮೊದಲ ಪುಸ್ತಕಕ್ಕೆ ದುಡ್ಡೇ ಬೇಡ. ಎನ್‌ಸಿಇಇಎಸ್ ತಾಣದಲ್ಲಿ ಖಾತೆ ತೆರೆದರೆ ಹ್ಯಾಂಡ್‌ಬುಕ್ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಅದನ್ನು ಪ್ರಿಂಟ್ ಹಾಕಿಸಬೇಡಿ. ಪರದೆಯಲ್ಲೇ ಹುಡುಕಿ ಅಭ್ಯಾಸವಾಗಲಿ, ಯಾಕೆಂದರೆ ಪರೀಕ್ಷೆಯ ದಿನ 8 ಗಂಟೆಯಲ್ಲಿ 80 ಪ್ರಶ್ನೆ, ಅಂದರೆ ಒಂದಕ್ಕೆ 6 ನಿಮಿಷ, ಅದರಲ್ಲಿ ಸೂತ್ರ ಹುಡುಕಲು ಎರಡು ನಿಮಿಷ ಹೋದರೆ ಲೆಕ್ಕ ಮಾಡುವುದು ಯಾವಾಗ?

ಇನ್ನು ಕೊಳ್ಳುವ ಪುಸ್ತಕ. ಮೊದಲು ಅದು ಯಾವ ವರ್ಷದ್ದು ಅಂತ ನೋಡಿ. ಮುಂಚೆ ಅರ್ಧ ಪ್ರಶ್ನೆಗಳು ಎಲ್ಲಾ ವಿಭಾಗದವರಿಗೂ ಒಂದೇ ಇರುತ್ತಿದ್ದವು. 2024ರ ಏಪ್ರಿಲ್‌ನಿಂದ ಅದು ಹೋಯಿತು. ಈಗ ಕನ್‌ಸ್ಟ್ರಕ್ಷನ್, ಜಿಯೋಟೆಕ್ನಿಕಲ್, ಸ್ಟ್ರಕ್ಚರಲ್, ಟ್ರಾನ್ಸ್‌ಪೋರ್ಟೇಶನ್, ವಾಟರ್ ಅಂತ ಐದರಲ್ಲಿ ನೀವು ಆರಿಸಿಕೊಂಡ ವಿಭಾಗದ್ದೇ ಪರೀಕ್ಷೆ. ಅದಕ್ಕೇ 'ಎಲ್ಲವೂ ಒಂದರಲ್ಲೇ' ಅನ್ನುವ ದಿಂಡುಗಟ್ಟಲೆ ಪುಸ್ತಕ ನನ್ನ ಪ್ರಕಾರ ಸುಮ್ನೆ ಭಾರ. ನಿಮ್ಮ ವಿಭಾಗದ ಸಿಲಬಸ್ ಪಕ್ಕದಲ್ಲಿಟ್ಟು ಪರಿವಿಡಿಗೆ ಟಿಕ್ ಹಾಕುತ್ತಾ ಹೋಗಿ, ಅರ್ಧಕ್ಕಿಂತ ಜಾಸ್ತಿ ಖಾಲಿ ಉಳಿದರೆ ಅದು ನಿಮ್ಮ ಪುಸ್ತಕ ಅಲ್ಲ.

ಆಮೇಲೆ ಕೋಡ್. ನಾನು ಎಡವಿದ್ದು ಇಲ್ಲೇ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಕಾಂಕ್ರೀಟ್ ಪುಸ್ತಕ ತಂದು ಎರಡು ವಾರ ಲೆಕ್ಕ ಮಾಡಿದೆ. ಅದು ಹೇಳುವ ಅಧ್ಯಾಯ ಒಂದು, ಕೋಡ್ ತೆರೆದರೆ ಅಲ್ಲಿರುವುದೇ ಇನ್ನೊಂದು! ಅಮೆರಿಕದ ಕಾಂಕ್ರೀಟ್ ಕೋಡ್ ಎಸಿಐ 318ರ ಅಧ್ಯಾಯಗಳನ್ನು 2014ರಲ್ಲಿ ಬೀಮ್, ಕಾಲಮ್, ಸ್ಲ್ಯಾಬ್ ಅಂತ ಹೊಸದಾಗಿ ಜೋಡಿಸಿದ್ದಾರೆ. 2019ರಲ್ಲಿ ಶಿಯರ್ (ಕತ್ತರಿಸುವ ಬಲದ) ಸೂತ್ರವೂ ಬದಲಾಗಿದೆ. ಪರೀಕ್ಷೆಯಲ್ಲಿ ಕೋಡಿನ ಒಂದು ಅಧ್ಯಾಯವನ್ನು ಮಾತ್ರ ಒಮ್ಮೆಗೆ ತೆರೆಯಲು, ಹುಡುಕಲು ಆಗುತ್ತದೆ. ಯಾವ ಅಧ್ಯಾಯ ಅಂತಲೇ ಗೊತ್ತಿಲ್ಲದಿದ್ದರೆ ಏನು ಹುಡುಕುತ್ತೀರಿ? ನಿಮ್ಮ ಪರೀಕ್ಷೆಗೆ ಯಾವ ಕೋಡ್, ಯಾವ ಆವೃತ್ತಿ ಅನ್ನುವುದು ಎನ್‌ಸಿಇಇಎಸ್ ಪಟ್ಟಿಯಲ್ಲೇ ಇದೆ. ಪುಸ್ತಕದ ಮುನ್ನುಡಿಯ ಜೊತೆ ಅದನ್ನು ತಾಳೆ ನೋಡಿ.

ಭಾರತದಲ್ಲಿ ಬಿಇ ಮಾಡಿದವರಿಗೆ ಇನ್ನೊಂದು ತೊಡಕು. ನಾವು ಭಾರತದ ಕಾಂಕ್ರೀಟ್ ಕೋಡ್ ಐಎಸ್ 456 ಓದಿ ಕ್ಯೂಬ್ ಸ್ಟ್ರೆಂತ್‌ಗೆ, ಅಂದರೆ ಘನಾಕಾರದ ಕಾಂಕ್ರೀಟ್ ತುಂಡನ್ನು ಒತ್ತಿ ಅಳೆದ ಬಲಕ್ಕೆ ಒಗ್ಗಿದವರು, ಎಸಿಐ ಅಳೆಯುವುದು ಸಿಲಿಂಡರ್ ಆಕಾರದ ತುಂಡಿನಲ್ಲಿ. ಅಳತೆಯ ಮಾನವೂ ಬೇರೆ. ಕಾಲುವೆಯಲ್ಲಿ ನೀರಿನ ಹರಿವು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರ ನೋಡಿ: ಭಿನ್ನರಾಶಿಯ ಮೇಲಿನ ಸ್ಥಿರಾಂಕ ಮೀಟರ್‌ನಲ್ಲಿ 1, ಅಡಿ ಲೆಕ್ಕದಲ್ಲಿ 1.486. ಅದು ಮರೆತರೆ ಉತ್ತರದಲ್ಲಿ ಮೂರನೇ ಒಂದು ಭಾಗ ಮಾಯ, ಆ ತಪ್ಪು ಉತ್ತರವೂ ಆಯ್ಕೆಗಳಲ್ಲಿ ನಿಮಗಾಗಿ ಕಾದಿದ್ದರೆ ಆಶ್ಚರ್ಯವಿಲ್ಲ. ಕಾಲೇಜಿನ ಪುಸ್ತಕ ವಿಷಯ ಅರ್ಥ ಮಾಡಿಕೊಳ್ಳಲು ಇರಲಿ, ಲೆಕ್ಕಕ್ಕೆ ಅಡಿ-ಪೌಂಡ್‌ನಲ್ಲಿರುವ ಪುಸ್ತಕವೇ ಬೇಕು.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಮಾದರಿ ಪುಟಗಳಲ್ಲಿ ಬಿಡಿಸಿದ ಲೆಕ್ಕ ಒಂದನ್ನು ಆರಿಸಿ, ಉತ್ತರ ಮುಚ್ಚಿಟ್ಟು, ಬರೀ ಹ್ಯಾಂಡ್‌ಬುಕ್, ಕೋಡ್ ಇಟ್ಟುಕೊಂಡು ಮಾಡಿ. ಸೂತ್ರ ಹ್ಯಾಂಡ್‌ಬುಕ್‌ನಲ್ಲಾಗಲಿ ಕೋಡ್‌ನಲ್ಲಾಗಲಿ ಇಲ್ಲವೇ ಇಲ್ಲ, ಅಥವಾ ಚಿಹ್ನೆಗಳೇ ಬೇರೆ ಅಂದರೆ ಆ ಪುಸ್ತಕ ಬಿಡಿ. ಕೋಡ್‌ಗಳನ್ನಂತೂ ಎಲ್ಲಾ ಕೊಳ್ಳಲು ಹೋಗಬೇಡಿ, ಜೇಬು ಸುಡುತ್ತದೆ. ಆಫೀಸಿನ ಕಪಾಟಿನಲ್ಲಿ ಇರುತ್ತವಲ್ವಾ, ಮಧ್ಯಾಹ್ನ ಊಟದ ಹೊತ್ತಲ್ಲಿ ಅರ್ಧ ಗಂಟೆ ಕೂತು ಅಧ್ಯಾಯಗಳ ಹೆಸರು ಬರೆದುಕೊಳ್ಳಿ.