ವಾರಕ್ಕೊಂದು ಜಾತ್ರೆ: ಅಮೆರಿಕದಲ್ಲಿ ಮಕ್ಕಳನ್ನು ಬಾಸ್ಕೆಟ್‌ಬಾಲ್‌ಗೆ ಸೇರಿಸುವ ಮುನ್ನ

ಹುಬ್ಬಳ್ಳಿ ಕೇಶ್ವಾಪುರದ ಗೆಳೆಯನೊಬ್ಬ ಬರುವ ಆಗಸ್ಟ್‌ನಲ್ಲಿ ಸಂಸಾರ ಸಮೇತ ಅಮೆರಿಕಕ್ಕೆ ಹೊರಟಿದ್ದಾನೆ. ಮಗಳಿಗೆ ಹದಿಮೂರು ವರ್ಷ, ಜಿಲ್ಲಾ ಮಟ್ಟದವರೆಗೆ ಬಾಸ್ಕೆಟ್‌ಬಾಲ್ ಆಡಿದ ಹುಡುಗಿ. ಹೋಗಲಿರುವ ಊರಿನ ಕ್ಲಬ್ಬೊಂದಕ್ಕೆ ಇಮೇಲ್ ಬರೆದರೆ ‘ವರ್ಷಪೂರ್ತಿ ತರಬೇತಿ ಮತ್ತು ಬೆಳವಣಿಗೆ’ ಎಂಬ ತಲೆಬರಹದಡಿ ನಾಲ್ಕು ಪುಟದ ಉತ್ತರ ಬಂತಂತೆ. ಶುಲ್ಕ ಮಾತ್ರ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ. “ಇದು ಶಾಲೆಯದ್ದೋ, ಸರ್ಕಾರದ್ದೋ, ಟ್ಯೂಷನ್ ಇದ್ದ ಹಾಗೋ?” ಎಂದು ಫೋನಿನಲ್ಲಿ ಕೇಳಿದ. ಮೂರರಲ್ಲಿ ಟ್ಯೂಷನ್ನೇ ಸತ್ಯಕ್ಕೆ ಹತ್ತಿರ. ನ್ಯೂಜೆರ್ಸಿಯಲ್ಲಿ ಒಂಬತ್ತು ವರ್ಷದಿಂದ ಇಬ್ಬರು ಮಕ್ಕಳನ್ನು ಜಿಮ್ನಾಷಿಯಂನಿಂದ ಜಿಮ್ನಾಷಿಯಂಗೆ ಕಾರಿನಲ್ಲಿ ಹೊತ್ತು ತಿರುಗುತ್ತಿರುವ ನಾನು ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ತಲೆಯಿಂದ ತೆಗೆದುಹಾಕಬೇಕಾದದ್ದು ನಮ್ಮ ಏಣಿಯನ್ನು. ಹೋಬಳಿ, ತಾಲ್ಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ: ಪಿ.ಟಿ. ಮಾಸ್ತರರು ಪಟ್ಟಿಯಲ್ಲಿ ಹೆಸರು ಬರೆದರೆ ಮಗು ಗೆದ್ದಷ್ಟು ಮೆಟ್ಟಿಲು ಹತ್ತುತ್ತಿತ್ತು. ಆಟ ಚೆನ್ನಾಗಿದ್ದರೆ ಕ್ರೀಡಾ ಇಲಾಖೆಯ ವಸತಿ ನಿಲಯವೋ, ಧಾರವಾಡದ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರವೋ ಕಣ್ಣಿಗೆ ಬೀಳುತ್ತಿತ್ತು. ಅಮೆರಿಕದ ಕೇಂದ್ರ ಸರ್ಕಾರದಲ್ಲಿ ಕ್ರೀಡಾ ಸಚಿವಾಲಯವೇ ಇಲ್ಲ. ಅಲ್ಲಿರುವುದು ಎರಡು ಬೇರೆ ಬೇರೆ ಅಂಗಡಿಗಳು. ಒಂದು ಶಾಲೆಯ ತಂಡ. ಅದರ ನಿಯಮಗಳನ್ನು ಆಯಾ ರಾಜ್ಯದ ಶಾಲಾ ಕ್ರೀಡಾ ಸಂಘ ನೋಡಿಕೊಳ್ಳುತ್ತದೆ. ಇನ್ನೊಂದು ಖಾಸಗಿ ಕ್ಲಬ್. ಜನ ಇದನ್ನು ಬಾಯಿಮಾತಿನಲ್ಲಿ ‘ಎಎಯು’ ಎನ್ನುತ್ತಾರೆ. 1888ರಲ್ಲಿ ಹುಟ್ಟಿದ ಅಮೆಚೂರ್ ಅಥ್ಲೆಟಿಕ್ ಯೂನಿಯನ್ನಿನ ಹೆಸರು ಅದು. ಈಗ ಆ ಯೂನಿಯನ್ನಿಗೆ ಸೇರದ ಕ್ಲಬ್ಬಿಗೂ ಅದೇ ಹೆಸರು ಅಂಟಿಕೊಂಡಿದೆ, ನಮ್ಮಲ್ಲಿ ಯಾವ ವನಸ್ಪತಿಯಾದರೂ ಡಾಲ್ಡಾ ಆದ ಹಾಗೆ. ಈ ಎರಡರ ಜೊತೆಗೆ ಊರಿನ ಪಾರ್ಕ್ ಇಲಾಖೆ ಮತ್ತು ವೈಎಂಸಿಎ ನಡೆಸುವ ಲೀಗ್‌ಗಳಿವೆ. ಹತ್ತು ವರ್ಷದೊಳಗಿನ ಮಗುವಾದರೆ ಅಲ್ಲಿಂದಲೇ ಶುರು ಮಾಡಿ. ಖರ್ಚು ಕಡಿಮೆ, ಎಲ್ಲ ಮಕ್ಕಳಿಗೂ ಆಡಲು ಸಿಗುತ್ತದೆ. 1891ರಲ್ಲಿ ಈ ಆಟ ಹುಟ್ಟಿದ್ದೂ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿಯೇ.

ಈಗ ವರ್ಷದ ಲೆಕ್ಕ. ನವೆಂಬರ್‌ನಲ್ಲಿ ಶಾಲಾ ತಂಡದ ಆಯ್ಕೆ. ಎರಡು ಮೂರು ದಿನ ಅಂಗಿಗೆ ನಂಬರ್ ಅಂಟಿಸಿಕೊಂಡು ಓಡಿಸುತ್ತಾರೆ, ಆಮೇಲೆ ಪಟ್ಟಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಅಲ್ಲಿಗೆ ಮುಗಿಯಿತು, ಶಿಫಾರಸು ನಡೆಯುವುದಿಲ್ಲ. ಪ್ರೌಢಶಾಲೆಯಲ್ಲಿ ಸಾಮಾನ್ಯವಾಗಿ ಮೂರು ತಂಡಗಳು: ಹೊಸಬರದು, ಜೂನಿಯರ್ ವಾರ್ಸಿಟಿ ಎಂಬ ಎರಡನೆಯ ತಂಡ, ವಾರ್ಸಿಟಿ ಎಂಬ ಶಾಲೆಯ ಮುಖ್ಯ ತಂಡ. ಪಂದ್ಯಗಳು ಫೆಬ್ರುವರಿ, ಮಾರ್ಚ್ ತನಕ ನಡೆಯುತ್ತವೆ. ಅದು ಮುಗಿಯುತ್ತಿದ್ದಂತೆ ಕ್ಲಬ್ಬುಗಳ ಆಯ್ಕೆ, ಏಪ್ರಿಲ್‌ನಿಂದ ಜುಲೈವರೆಗೆ ವಾರಾಂತ್ಯದ ಟೂರ್ನಿಗಳು. ಆಗಸ್ಟ್ ತುಸು ತಣ್ಣಗೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಶರತ್ಕಾಲದ ಲೀಗ್, ಕೌಶಲ್ಯ ತರಬೇತಿ, ಶಾಲೆಯ ಅಂಗಣ ತೆರೆದಿಡುವ ಸಂಜೆಗಳು. ಮತ್ತೆ ನವೆಂಬರ್. ಶಾಲಾ ಋತು ನಡೆಯುವಾಗ ಹೊರಗಿನ ತಂಡಕ್ಕೆ ಆಡಲು ಹಲವು ರಾಜ್ಯಗಳಲ್ಲಿ ನಿರ್ಬಂಧವಿದೆ. ಕ್ಲಬ್ಬಿನವರು ಹೇಳಲಿ ಬಿಡಲಿ, ಶಾಲೆಯ ಕ್ರೀಡಾ ನಿರ್ದೇಶಕರನ್ನು ಒಮ್ಮೆ ಕೇಳಿ.

ನಾನು ಎಡವಿದ್ದು ಇಲ್ಲಿಯೇ. ‘ವರ್ಷಪೂರ್ತಿ’ ಎಂದರೆ ವರ್ಷಪೂರ್ತಿ ಕಲಿಕೆ ಎಂದುಕೊಂಡಿದ್ದೆ. ನಮ್ಮ ಊರಿನ ಗರಡಿ ಮನೆ ನೆನಪಿಸಿಕೊಳ್ಳಿ. ಪೈಲ್ವಾನ ವರ್ಷವಿಡೀ ಮಣ್ಣಿನಲ್ಲಿ ಬೆವರು ಹರಿಸುತ್ತಾನೆ, ಕುಸ್ತಿ ಹಿಡಿಯುವುದು ಜಾತ್ರೆಗೊಮ್ಮೆ. ಅಮೆರಿಕದ ಕ್ಲಬ್ಬುಗಳಲ್ಲಿ ಇದು ತಲೆಕೆಳಗು: ವಾರಾಂತ್ಯಕ್ಕೊಂದು ಜಾತ್ರೆ, ಗರಡಿಗೆ ಪುರುಸೊತ್ತಿಲ್ಲ. ಮಗ ಏಳನೆಯ ತರಗತಿಯಲ್ಲಿ ಸೇರಿದ ಮೊದಲ ಕ್ಲಬ್ಬಿನಲ್ಲಿ ಒಂದು ಏಪ್ರಿಲ್ ತಿಂಗಳ ಲೆಕ್ಕ ನಾನೇ ಬರೆದಿಟ್ಟಿದ್ದೆ: ಪಂದ್ಯ ಹದಿನಾಲ್ಕು, ಅಭ್ಯಾಸ ಐದು. ಆ ಐದರಲ್ಲಿ ಎರಡು ದಿನ ಅರ್ಧ ಅಂಗಣವನ್ನು ವಾಲಿಬಾಲ್‌ನವರಿಗೆ ಬಾಡಿಗೆಗೆ ಕೊಟ್ಟಿದ್ದರು. ಎಡಗೈಯಲ್ಲಿ ಚೆಂಡು ತಟ್ಟಲು ಬಾರದ ಹುಡುಗ ತಿಂಗಳ ಕೊನೆಗೂ ಎಡಗೈ ಬಾರದವನಾಗಿಯೇ ಉಳಿದ. ಪಂದ್ಯದಲ್ಲಿ ಯಾರು ತಾನೆ ಬಾರದ ಕೈಯನ್ನು ಬಳಸುವ ಧೈರ್ಯ ಮಾಡುತ್ತಾರೆ?

ಅಲ್ಲಿ ಈ ಆಟದ ರಾಷ್ಟ್ರೀಯ ಸಂಸ್ಥೆಯಾದ ಯುಎಸ್ಎ ಬಾಸ್ಕೆಟ್‌ಬಾಲ್ ಮತ್ತು ವೃತ್ತಿಪರ ಲೀಗ್ ಎನ್‌ಬಿಎ ಸೇರಿ 2016ರಲ್ಲಿ ಮಕ್ಕಳ ಆಟಕ್ಕೆಂದೇ ಮಾರ್ಗಸೂಚಿ ಹೊರಡಿಸಿವೆ. 9ರಿಂದ 11 ವರ್ಷದವರಿಗೆ ವಾರಕ್ಕೆ ಒಂದೆರಡು ಪಂದ್ಯ, ಎರಡು ಅಭ್ಯಾಸ. 12ರಿಂದ 14ರವರಿಗೆ ಎರಡು ಪಂದ್ಯ, ಎರಡರಿಂದ ನಾಲ್ಕು ಅಭ್ಯಾಸ. ವಾರದಲ್ಲಿ ಕನಿಷ್ಠ ಒಂದು ದಿನ ಪೂರ್ತಿ ಬಿಡುವು. 14 ತುಂಬುವವರೆಗೆ ಇದೊಂದೇ ಆಟಕ್ಕೆ ಮಗುವನ್ನು ಕಟ್ಟಿಹಾಕಬೇಡಿ ಎಂಬ ಮಾತೂ ಅದರಲ್ಲಿದೆ. ಮಕ್ಕಳ ವೈದ್ಯರ ಅಮೆರಿಕನ್ ಅಕಾಡೆಮಿಯಂತೂ ವರ್ಷದಲ್ಲಿ ಒಟ್ಟು ಮೂರು ತಿಂಗಳು, ತಿಂಗಳು ತಿಂಗಳಾಗಿ ಬಿಡಿಸಿಯಾದರೂ, ಮುಖ್ಯ ಆಟದಿಂದ ದೂರವಿರಲಿ ಎನ್ನುತ್ತದೆ. ಇವು ಸಲಹೆಗಳು ಮಾತ್ರ, ಯಾವ ಕ್ಲಬ್ಬನ್ನೂ ಕಟ್ಟಿಹಾಕುವುದಿಲ್ಲ. ಆದ್ದರಿಂದ ಹಣ ಕಟ್ಟುವ ಮೊದಲು ನಾನೀಗ ಕೇಳುವುದು ಒಂದೇ ಪ್ರಶ್ನೆ: ಒಂದು ಪಂದ್ಯಕ್ಕೆ ಎಷ್ಟು ಅಭ್ಯಾಸ? ತಟ್ಟನೆ ಅಂಕಿ ಹೇಳುವ ಕೋಚ್ ಸಿಕ್ಕರೆ ಅರ್ಧ ಕೆಲಸ ಆಯಿತು. ಗೆದ್ದ ಕಪ್ಪುಗಳ ಚಿತ್ರ ತೋರಿಸಲು ಮೊಬೈಲ್ ತೆಗೆದರೆ ಚಹಾ ಕುಡಿದು ಎದ್ದು ಬನ್ನಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಏನು ಮಾಡಿಸುತ್ತಾರೆ ಎಂಬುದನ್ನೂ ವಿಚಾರಿಸಿ. ಎಸೆತದ ತಪ್ಪು ತಿದ್ದುವುದು, ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗದಂತೆ ನೋಡಿಕೊಳ್ಳುವುದು, ಕಾಲಿನ ಬಲ, ಇವಕ್ಕೆಲ್ಲ ಆಗಲೇ ಹೊತ್ತು ಸಿಗುವುದು. ಹೆಣ್ಣುಮಕ್ಕಳ ತಂದೆತಾಯಿಯರು ಮೊಣಕಾಲಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಸ್ಥಿರಜ್ಜು ಹರಿಯುವ ಅಪಾಯ ಈ ಆಟದಲ್ಲಿ ಅವರಿಗೇ ಹೆಚ್ಚು.

ಹುಬ್ಬಳ್ಳಿಯಿಂದ ಹೊರಡುವಾಗಲೇ ಕೈಚೀಲದಲ್ಲಿ ಇರಬೇಕಾದವು: ಜನ್ಮ ಪ್ರಮಾಣಪತ್ರ, ಕಳೆದ ಎರಡು ವರ್ಷದ ಅಂಕಪಟ್ಟಿ, ಲಸಿಕೆಯ ದಾಖಲೆ. ಟೂರ್ನಿಗಳಲ್ಲಿ ವಯಸ್ಸಿಗೂ ತರಗತಿಗೂ ಪುರಾವೆ ಕೇಳುತ್ತಾರೆ. ಶಾಲಾ ತಂಡಕ್ಕೆ ಬೇಕಾದ ವೈದ್ಯಕೀಯ ತಪಾಸಣೆಯ ನಮೂನೆ ಅಲ್ಲಿಯದೇ ಆಗಬೇಕು. ಆಯ್ಕೆಯ ಹಿಂದಿನ ದಿನ ಓಡಿದರೆ ವೈದ್ಯರು ಸಿಗುವುದಿಲ್ಲ, ಸೆಪ್ಟೆಂಬರ್‌ನಲ್ಲೇ ಮುಗಿಸಿ. ಇಂಗ್ಲಿಷ್ ಸುಧಾರಿಸಲಿ ಎಂದು ಮಗುವನ್ನು ಒಂದು ತರಗತಿ ಹಿಂದೆ ಸೇರಿಸುವ ಯೋಚನೆಯಿದ್ದರೆ ಇದೂ ಗೊತ್ತಿರಲಿ: ಒಂಬತ್ತನೆಯ ತರಗತಿಗೆ ಕಾಲಿಟ್ಟ ದಿನದಿಂದ ಸಾಮಾನ್ಯವಾಗಿ ನಾಲ್ಕೇ ವರ್ಷ ಶಾಲೆಗೆ ಆಡಬಹುದು, ವಯಸ್ಸಿಗೂ ಮಿತಿಯಿದೆ.

ಆಟದ ನಿಯಮವೂ ತುಸು ಬೇರೆ. ನಮ್ಮಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ ಹತ್ತು ನಿಮಿಷದ ನಾಲ್ಕು ಅವಧಿ, ಚೆಂಡು ಸಿಕ್ಕ ತಂಡ ಬುಟ್ಟಿಗೆ ಎಸೆಯಲು 24 ಸೆಕೆಂಡಿನ ಗಡಿಯಾರ. ಅಲ್ಲಿಯ ಪ್ರೌಢಶಾಲೆಗಳಲ್ಲಿ ಎಂಟು ನಿಮಿಷ. 35 ಸೆಕೆಂಡಿನ ಗಡಿಯಾರ ಇಡುವುದು ಬಿಡುವುದು 2022–23ರಿಂದ ಆಯಾ ರಾಜ್ಯದ ಇಷ್ಟ. ಮಕ್ಕಳು ವಾರದಲ್ಲಿ ಹೊಂದಿಕೊಳ್ಳುತ್ತಾರೆ.

ಹೊಂದಿಕೊಳ್ಳಲು ಕಷ್ಟಪಡುವವರು ನಾವು. ಮಾಸ್ತರರ ಮನೆಗೆ ಹೋಗಿ “ಸರ್, ನಮ್ಮ ಹುಡುಗನಿಗೆ ಒಂದು ಅವಕಾಶ ಕೊಡಿ” ಎನ್ನುವ ಅಭ್ಯಾಸ ಅಲ್ಲಿ ಮಗುವಿಗೇ ಮುಳುವಾಗುತ್ತದೆ. ಪಂದ್ಯ ಮುಗಿದ ಇಪ್ಪತ್ತನಾಲ್ಕು ಗಂಟೆ ಕೋಚ್ ಜೊತೆ ಆಟದ ವಿಷಯ ಎತ್ತಬಾರದು ಎಂಬ ನಿಯಮ ಬಹಳ ಕಡೆ ಉಂಟು. ಆಮೇಲೂ ಕೇಳಬೇಕಾದವರು ನೀವಲ್ಲ, ಮಗು. ಬೆಂಚಿನ ಮೇಲೆ ಮೂರು ಪಂದ್ಯ ಕುಳಿತ ನಂತರ ನನ್ನ ಮಗಳು ಕನ್ನಡಿ ಮುಂದೆ ನಿಂತು ನಾಲ್ಕು ವಾಕ್ಯ ಅಭ್ಯಾಸ ಮಾಡಿಕೊಂಡು ಹೋಗಿ, “ಹೆಚ್ಚು ಹೊತ್ತು ಆಡಬೇಕಾದರೆ ನಾನು ಯಾವುದನ್ನು ಸುಧಾರಿಸಬೇಕು?” ಎಂದು ಕೇಳಿದಳು. ನಾನು ಕಾರಿನಲ್ಲಿ ಕುಳಿತು ಗಾಜಿನಿಂದ ನೋಡುತ್ತಿದ್ದೆ. ಕೋಚ್ ಕೈಯಾಡಿಸಿ ರಕ್ಷಣೆಯ ನಿಲುವು ತೋರಿಸಿದರು, ಇವಳು ಮಂಡಿ ಬಗ್ಗಿಸಿ ಅಲ್ಲಿಯೇ ಹಾಗೆಯೇ ನಿಂತಳು.

ಖರ್ಚಿನ ಮಾತು. ಒಂದು ಋತುವಿಗೆ ಕ್ಲಬ್ ಶುಲ್ಕ ಕೆಲವು ನೂರು ಡಾಲರಿನಿಂದ ಕೆಲವು ಸಾವಿರದವರೆಗೆ ಹೋಗುತ್ತದೆ. ಸಮವಸ್ತ್ರ, ಟೂರ್ನಿ ಪ್ರವೇಶ, ಅಂಗಣದ ಬಾಡಿಗೆ ಅದರಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಅದರ ಮೇಲೆ ಪ್ರೇಕ್ಷಕರ ಟಿಕೆಟ್ ಬೇರೆ. ಮೊಮ್ಮಗಳ ಆಟ ನೋಡಲು ದುಡ್ಡು ಕೊಡಬೇಕೇ ಎಂದು ನನ್ನ ಅಪ್ಪ ಬಾಗಿಲಲ್ಲೇ ತಗಾದೆ ತೆಗೆದಿದ್ದರು. ಕೆಲವು ಟೂರ್ನಿಗಳು ತಾವು ಹೇಳಿದ ಹೋಟೆಲಿನಲ್ಲೇ ಉಳಿಯಬೇಕೆಂಬ ಷರತ್ತನ್ನೂ ಹಾಕುತ್ತವೆ. ಶುಲ್ಕ ಭಾರವಾದರೆ ರಿಯಾಯಿತಿ ಕೇಳಲು ಸಂಕೋಚ ಬೇಡ, ಬಹಳ ಕ್ಲಬ್ಬುಗಳು ಅದಕ್ಕೆಂದು ಹಣ ಎತ್ತಿಡುತ್ತವೆ. ಇನ್ನು ಓಡಾಟ. ಕ್ರಿಕೆಟಿಗ ಸುನಿಲ್ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲಿ ಗದಗಿನಿಂದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಬಂದು ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದ ಕಥೆ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅಮೆರಿಕದ ಉಪನಗರಗಳಲ್ಲಿ ಹುಡುಗ ತಾನಾಗಿ ಹತ್ತಿ ಹೋಗುವ ರೈಲು, ಬಸ್ಸು ಸಿಗುವುದು ಅಪರೂಪ. ಚಾಲಕರು ನೀವೇ.

ತಿಂಡಿಯ ಪಾಳಿ ಬಂದಾಗ ಅಮ್ಮ ಕಳಿಸಿದ್ದ ಶೇಂಗಾ ಉಂಡೆಯನ್ನು ಅಭಿಮಾನದಿಂದ ಒಯ್ದಿದ್ದೆ. ತಂಡದ ತಾಯಿಯೊಬ್ಬರು ಡಬ್ಬಿ ಮುಚ್ಚಿ ಎರಡೂ ಕೈಯಲ್ಲಿ ಹಿಡಿದು, ಬಾಂಬ್ ಹಿಡಿದಂತೆ, ನನ್ನ ಕಾರಿನವರೆಗೆ ಬಂದು ಇಟ್ಟುಹೋದರು. ತಂಡದ ಒಬ್ಬ ಹುಡುಗನಿಗೆ ಶೇಂಗಾ ಅಲರ್ಜಿಯಿತ್ತು. ಕಿತ್ತಳೆ ಹೋಳು, ಬಾಳೆಹಣ್ಣು ಒಯ್ಯಿರಿ. ಉಂಡೆ ಮನೆಗಿರಲಿ.

ಕಾಲೇಜು ವಿದ್ಯಾರ್ಥಿವೇತನದ ಆಸೆ ತೋರಿಸಿ ಶುಲ್ಕ ಏರಿಸುವವರು ಇದ್ದೇ ಇರುತ್ತಾರೆ. ಪ್ರೌಢಶಾಲೆಯಲ್ಲಿ ಆಡುವ ನೂರು ಮಕ್ಕಳಲ್ಲಿ ಎನ್‌ಸಿಎಎ (ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಘ) ಕಾಲೇಜು ತಂಡ ತಲುಪುವವರು ಸುಮಾರು ನಾಲ್ವರು, ಅದರ ಮೂರು ವಿಭಾಗಗಳಲ್ಲಿ ಮೇಲಿನದಾದ ಮೊದಲ ವಿಭಾಗಕ್ಕೆ ಹೋಗುವವರು ಒಬ್ಬರ ಆಸುಪಾಸು. ಮೂರನೆಯ ವಿಭಾಗದ ಕಾಲೇಜುಗಳು ಆಟಕ್ಕೆಂದು ವೇತನ ಕೊಡುವುದೇ ಇಲ್ಲ. ಮೊದಲ ವಿಭಾಗದ ಅರ್ಹತೆಗೆ 16 ಮುಖ್ಯ ವಿಷಯಗಳಲ್ಲಿ 4ಕ್ಕೆ ಕನಿಷ್ಠ 2.3 ಸರಾಸರಿ ಅಂಕ ಬೇಕು. ನಮ್ಮ ಮನೆಗಳಲ್ಲಿ ಆ ಅಂಕದ ಚಿಂತೆ ಬರಲಾರದು ಬಿಡಿ.

ಕೊನೆಯದಾಗಿ ಊರಿಗೆ ಬರುವ ಟಿಕೆಟ್. ಅಲ್ಲಿಯ ಬೇಸಿಗೆ ರಜೆಯೆಂದು ಜುಲೈನಲ್ಲಿ ಬುಕ್ ಮಾಡಬೇಡಿ. ಕಾಲೇಜು ಕೋಚ್‌ಗಳು ಪ್ರೌಢಶಾಲೆಯ ಆಟಗಾರರನ್ನು ನೋಡಲು ಬರುವ ದಿನಗಳು ಆ ತಿಂಗಳಲ್ಲಿವೆ, ಕ್ಲಬ್ಬಿನ ದೊಡ್ಡ ಟೂರ್ನಿಗಳೂ ಆಗಲೇ. ಹೀಗಾಗಿ ನಾವು ಬರುವುದು ಆಗಸ್ಟ್‌ನ ಮೊದಲ ಮೂರು ವಾರ, ಚೆಂಡನ್ನು ಅಲ್ಲಿಯೇ ಬಿಟ್ಟು. ಪಂಚಮಿ ಕೆಲವು ವರ್ಷ ಜುಲೈ ಕೊನೆಗೆ ಬಿದ್ದರೆ, ಕೆಲವು ವರ್ಷ ಆಗಸ್ಟ್‌ಗೆ ಜಾರುತ್ತದೆ. ಹೊಸ ಪಂಚಾಂಗ ಬಂದ ದಿನ ಅಮ್ಮ ಧಾರವಾಡದಿಂದ ಫೋನ್ ಮಾಡಿ, ಈ ಸಲ ಜೋಕಾಲಿ ಕಟ್ಟಿಸಲೋ ಬೇಡವೋ ಎಂದು ಕೇಳುತ್ತಾರೆ.