ಇಂಗ್ಲೆಂಡಿನಲ್ಲಿ ಬಸಿರಾದಿರಾ? ಡಾಕ್ಟರಿಗೆ ಹಲ್ಲು ತೋರಿಸುವ ಮುಂಚೆ ಇದನ್ನು ಓದಿ

ಹೋದ ತಿಂಗಳು ಸಾಗರದ ಹುಡುಗಿಯೊಬ್ಬಳು ಫೋನ್ ಮಾಡಿ ಅತ್ತಳು. ಬಸಿರಿನ ಏಳನೇ ವಾರದಲ್ಲಿ ಹಲ್ಲು ತೋರಿಸಿಕೊಂಡು ಬಂದಿದ್ದಳಂತೆ, ಈಗ ದಂಡದ ಕಾಗದ ಬಂದಿದೆ. ಮೂರು ವರ್ಷದ ಹಿಂದೆ ನನಗೂ ಇದೇ ಕಾಗದ ಬಂದಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಶಿವಮೊಗ್ಗದಲ್ಲಾದರೆ ಮುಟ್ಟು ನಿಂತ ಕೆಲವೇ ದಿನಕ್ಕೆ ದುರ್ಗಿಗುಡಿಗೆ ಹೋಗಿ, ಡಾಕ್ಟರಿಗೆ ತೋರಿಸಿ, ಸ್ಕ್ಯಾನ್ ರಿಪೋರ್ಟ್ ಹಿಡಿದೇ ಮನೆಗೆ ಬರುತ್ತೇವೆ. ಇಲ್ಲಿ ಹಾಗಿಲ್ಲ. ಮನೆಯಲ್ಲಿ ಮಾಡಿದ ಟೆಸ್ಟೇ ಸಾಕು. ಜಿಪಿಗೆ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರಿಗೆ ಕಾಯದೆ, ಹತ್ತಿರದ ಆಸ್ಪತ್ರೆಯ ಮೆಟರ್ನಿಟಿ ವಿಭಾಗಕ್ಕೆ ನೀವೇ ಆನ್‌ಲೈನ್‌ನಲ್ಲಿ ಹೆಸರು ಕೊಡಿ. ಮಿಡ್‌ವೈಫ್ (ಬಸಿರು, ಹೆರಿಗೆ ನೋಡಿಕೊಳ್ಳುವ ತರಬೇತಾದ ಸೂಲಗಿತ್ತಿ) ಜೊತೆ ಮೊದಲ ಭೇಟಿ 10 ವಾರದೊಳಗೆ ಆಗಬೇಕು. ಮೊದಲ ಸ್ಕ್ಯಾನ್ 11ರಿಂದ 14 ವಾರದ ನಡುವೆ. ತೀರ್ಥಹಳ್ಳಿಯಿಂದ ಅಮ್ಮ ದಿನಾ "ಡಾಕ್ಟ್ರು ಏನಂದ್ರೇ?" ಅಂತ ಕೇಳುತ್ತಿದ್ದಳು. ಡಾಕ್ಟರನ್ನೇ ನೋಡಿಲ್ಲ ಅಂದರೆ ನಂಬಲೇ ಇಲ್ಲ. ಆದರೆ ಹೊಟ್ಟೆನೋವು, ರಕ್ತ ಕಂಡರೆ ಸುಮ್ನೆ ಕೂರಬೇಡಿ, ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಜಾಸ್ತಿ ಇದ್ದರೆ ನೇರ ಎಮರ್ಜೆನ್ಸಿಗೆ ಹೋಗಿ.

ಫೋಲಿಕ್ ಆಸಿಡ್ ಎಲ್ಲರಿಗೂ ಗೊತ್ತು. ಸಕ್ಕರೆ ಕಾಯಿಲೆಯಂಥ ಕೆಲವು ಕಾರಣ ಇದ್ದವರಿಗೆ ಹೆಚ್ಚಿನ ಪ್ರಮಾಣದ್ದು, 5 ಮಿಲಿಗ್ರಾಂ ಬೇಕು, ಅದು ಜಿಪಿ ಬರೆದುಕೊಟ್ಟರೇ ಸಿಗುವುದು.

ಈಗ ಆ ದಂಡದ ವಿಷಯ. ಬಸಿರಿನಲ್ಲಿ ಒಸಡು ಊದುತ್ತದೆ, ನನಗೆ ಎಂಟನೇ ವಾರಕ್ಕೇ ಹಲ್ಲುಜ್ಜಿದರೆ ಬ್ರಷ್ ಎಲ್ಲ ಕೆಂಪು. ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಕೌಂಟರಿನವಳು "ಬಸಿರಿಯರಿಗೆ ಫ್ರೀ" ಎಂದು ಫಾರ್ಮ್ ಕೊಟ್ಟಳು, ನಾನು ಟಿಕ್ ಹಾಕಿ ಸಹಿ ಮಾಡಿದೆ. ಸುಳ್ಳೇನೂ ಅಲ್ವಲ್ಲ? ಕೆಲವು ತಿಂಗಳ ಮೇಲೆ ಕಾಗದ ಬಂತು: ಚಿಕಿತ್ಸೆಯ ಹಣ, ಅದರ ಮೇಲೆ 100 ಪೌಂಡ್ ದಂಡ. 28 ದಿನದಲ್ಲಿ ಕಟ್ಟದಿದ್ದರೆ ಇನ್ನೂ 50.

ಯಾಕೆಂದರೆ ಇಲ್ಲಿ ಬಸಿರಾಗಿದ್ದರೆ ಸಾಲದು, ಮೆಟರ್ನಿಟಿ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಇರಬೇಕು, ಅಂದರೆ ಹಲ್ಲಿನ ಚಿಕಿತ್ಸೆಗೂ ಡಾಕ್ಟರು ಬರೆದ ಮಾತ್ರೆಗೂ ದುಡ್ಡು ಕೊಡಬೇಕಿಲ್ಲ ಎನ್ನುವ ಕಾಗದ. ಅದಕ್ಕೆ ದುಡ್ಡಿಲ್ಲ, ಮಿಡ್‌ವೈಫೋ ಜಿಪಿಯೋ ಅರ್ಜಿ ಹಾಕುತ್ತಾರೆ, ಆದರೆ ನೀವು ಬಾಯಿಬಿಟ್ಟು ಕೇಳದಿದ್ದರೆ ಎಷ್ಟೋ ಸಲ ಮರೆತೇ ಬಿಡುತ್ತಾರೆ. ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಒಂದೇ ತಿಂಗಳು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮಿಡ್‌ವೈಫ್ ಭೇಟಿಗೂ ಕಾಯಬೇಡಿ, ಟೆಸ್ಟ್ ಪಾಸಿಟಿವ್ ಬಂದ ವಾರವೇ ಜಿಪಿಗೆ ಫೋನ್ ಮಾಡಿ ಕೇಳಿ. ಸರ್ಟಿಫಿಕೇಟ್ ಬರುವ ಮುಂಚೆ ಮಾತ್ರೆ ಬೇಕಾಯಿತೇ? ಟಿಕ್ ಹಾಕಬೇಡಿ, ದುಡ್ಡು ಕೊಡಿ, ಅಂಗಡಿಯಲ್ಲೇ ಎಫ್‌ಪಿ57 ರಸೀದಿ ಕೇಳಿ ಪಡೆಯಿರಿ. ಅದು ಆಮೇಲೆ ಸಿಗುವುದಿಲ್ಲ. ಅದಿದ್ದರೆ ಹಣ ವಾಪಸ್ ಕೇಳಬಹುದು. ಸರ್ಟಿಫಿಕೇಟ್ ಹೆರಿಗೆಯ ಅಂದಾಜು ದಿನದಿಂದ 12 ತಿಂಗಳವರೆಗೂ ನಡೆಯುತ್ತದೆ.

ಹೆರಿಗೆಯ ಹೊತ್ತಿಗೆ ಇಲ್ಲಿನ ಮಿಡ್‌ವೈಫ್‌ಗಳು ನೋಡಿಕೊಂಡ ರೀತಿ ನಾನು ಮರೆಯುವುದಿಲ್ಲ. ಆದರೆ ಈ ಒಂದು ವಿಷಯದಲ್ಲಿ ನಮ್ಮೂರೇ ಮೇಲು. ನನ್ನ ಅತ್ತಿಗೆ ಬಸಿರಾದಾಗ "ತಾಯಿ ಕಾರ್ಡ್" ಮಾಡಿಸಲು ಆಶಾ ಕಾರ್ಯಕರ್ತೆ ಜಡಿಮಳೆಯಲ್ಲಿ ಮನೆ ಬಾಗಿಲಿಗೇ ಬಂದಿದ್ದರು.

ಸಾಗರದ ಹುಡುಗಿ ಹನ್ನೆರಡನೇ ವಾರದ ಸ್ಕ್ಯಾನ್ ಆಗುವವರೆಗೂ ಅರ್ಜಿ ಹಾಕಿಸಿರಲಿಲ್ಲ. ಸರ್ಟಿಫಿಕೇಟಿನ ಮೊದಲ ತಾರೀಕು, ಹಲ್ಲು ತೋರಿಸಿದ್ದಕ್ಕಿಂತ ನಾಲ್ಕು ದಿನ ಆಚೆಗಿತ್ತು. ನಿನ್ನೆ ದಂಡ ಕಟ್ಟಿದಳು.